ಬಸ್ಸಿನಲ್ಲಿ ಆರುವ ಬೀಡಿ ನಿಲ್ದಾಣದಲ್ಲಿ ಉರಿಯುವುದೇಕೆ?

ಯಾದಗಿರಿ ಜಿಲ್ಲೆಯ ಶಹಾಪುರದ ಬಸ್ ನಿಲ್ದಾಣದಲ್ಲಿ ಸುರಪುರದ ಬಸ್ಸಿಗೆ ಕಾಯುವ ಮಂದಿಯಲ್ಲಿ ಬೀಡಿ ಸೇದುವ ಹಿರಿಯರು ಒಬ್ಬರಾದರೂ ಇದ್ದೇ ಇರುತ್ತಾರೆ. ಬಸ್ಸು ಬಂದು ನಿಂತಿತೆಂದರೆ ಅವರ ಮೊದಲ ಕೆಲಸ ಬೀಡಿಯ ತುದಿಯನ್ನು ಗೋಡೆಗೋ ಚಪ್ಪಲಿಯ ಅಟ್ಟೆಗೋ ಒತ್ತಿ ಆರಿಸುವುದು. ಅರ್ಧ ಉಳಿದಿದ್ದರೆ ಅದು ಕಿವಿಯ ಸಂದಿಗೆ ಏರುತ್ತದೆ. ಆಮೇಲೆ ಕೈಚೀಲ, ಆಮೇಲೆ ಸೀಟು. ಕಂಡಕ್ಟರ್ ಬಾಯಿ ತೆರೆಯಬೇಕಿಲ್ಲ, ಪೊಲೀಸರು ಬೇಕಿಲ್ಲ, ದಂಡದ ರಸೀದಿಯಂತೂ ಬೇಕೇ ಇಲ್ಲ. ಬಸ್ಸಿನೊಳಗೆ ಬೀಡಿ ಹಚ್ಚಬಾರದು ಎಂಬುದನ್ನು ಈ ಸಗರನಾಡಿನಲ್ಲಿ ಈಗ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಬಸ್ಸಿನಿಂದ ನಾಲ್ಕು ಹೆಜ್ಜೆ ಆಚೆಯ ಕಲ್ಲುಬೆಂಚಿನ ಮೇಲೆ ಮಾತ್ರ ಅದೇ ಬೀಡಿ ನಿಶ್ಚಿಂತೆಯಿಂದ ಉರಿಯುತ್ತದೆ. ಕಾನೂನಿನ ಕಣ್ಣಿಗೆ ಬಸ್ಸೂ ಒಂದೇ, ನಿಲ್ದಾಣವೂ ಒಂದೇ.

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಬೇಕೇ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇವತ್ತಿಗೂ ವಿಷಯ ಕೊಡುತ್ತಾರೆ. ಪರ ಮಾತಾಡುವವರು ಕ್ಯಾನ್ಸರ್ ಎನ್ನುತ್ತಾರೆ, ವಿರೋಧ ಮಾತಾಡುವವರು ಸ್ವಾತಂತ್ರ್ಯ ಎನ್ನುತ್ತಾರೆ, ಪರದವರಿಗೆ ಬಹುಮಾನ ಬರುತ್ತದೆ. ಆದರೆ ಕಾಗದದ ಮೇಲೆ ಈ ಚರ್ಚೆ ಎಂದೋ ಮುಗಿದಿದೆ. ಸಿನಿಮಾ ಮಂದಿರ, ಸಭಾಂಗಣಗಳ ಒಳಗೆ ಸೇದಬಾರದೆಂದು ನಮ್ಮ ರಾಜ್ಯ 1963ರಲ್ಲೇ ಕಾಯ್ದೆ ಮಾಡಿತ್ತು. 1999ರ ಜುಲೈನಲ್ಲಿ ಕೇರಳ ಹೈಕೋರ್ಟ್, ಹತ್ತು ಜನರ ನಡುವೆ ಹೊಗೆ ಬಿಡುವುದು ಸೇದದವರ ಬದುಕುವ ಹಕ್ಕಿಗೇ ಅಡ್ಡಿ ಎಂದು ಹೇಳಿ ತನ್ನ ವ್ಯಾಪ್ತಿಯಲ್ಲಿ ಅದನ್ನು ತಡೆಯಿತು. ಹೀಗಾಗಿ ಕಾಸರಗೋಡಿನ ಕನ್ನಡಿಗರಿಗೆ ಈ ನಿಷೇಧ ಯಾದಗಿರಿಯವರಿಗಿಂತ ಮೊದಲೇ ಬಂತು. ಮುರಳಿ ದೇವ್ರಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 2ರಂದು ಆಸ್ಪತ್ರೆ, ಶಾಲೆ, ಗ್ರಂಥಾಲಯ, ಕೋರ್ಟು, ಸರ್ಕಾರಿ ಕಚೇರಿ, ಬಸ್ಸು, ರೈಲುಗಳಿಗೆ ಅದನ್ನು ದೇಶದುದ್ದಕ್ಕೂ ಅನ್ವಯಿಸಿತು. 2003ರಲ್ಲಿ ಸಂಸತ್ತು ತಂಬಾಕು ನಿಯಂತ್ರಣದ ‘ಕೋಟ್ಪಾ’ ಕಾಯ್ದೆ ಮಾಡಿತು. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ತಡೆಯುವ ಅದರ ನಾಲ್ಕನೇ ಕಲಮಿಗೆ ಹಲ್ಲು ಕೊಟ್ಟ ನಿಯಮಗಳು ಜಾರಿಯಾದದ್ದು 2008ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ.

ಆಗ ಯಾದಗಿರಿ ಇನ್ನೂ ಗುಲ್ಬರ್ಗ ಜಿಲ್ಲೆಯ ಒಂದು ತಾಲ್ಲೂಕು. ಅಂದರೆ ಇಲ್ಲಿ ನಿಷೇಧಕ್ಕೆ ಜಿಲ್ಲೆಗಿಂತ ವಯಸ್ಸು ಹೆಚ್ಚು.

ಹೊಗೆಗೂ ಈ ಸೀಮೆಗೂ ಇರುವ ನಂಟು ಅದಕ್ಕಿಂತ ಬಹಳ ಹಳೆಯದು. ಮೊಗಲ್ ಆಸ್ಥಾನ ತಂಬಾಕಿನ ಮುಖ ಕಂಡದ್ದೇ ನಮ್ಮ ಬಿಜಾಪುರದಿಂದ. ಅಕ್ಬರನ ದೂತನಾಗಿ ಆದಿಲಶಾಹಿ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗ್ 1604–05ರ ಸುಮಾರಿಗೆ ಇಲ್ಲಿಂದ ತಂಬಾಕನ್ನೂ ಅಂದದ ಕೊಳವೆಯೊಂದನ್ನೂ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ. ಹಕೀಮರು ಬೇಡವೆಂದು ತಡೆದರು, ಸರದಾರರು ನಮಗೂ ಕೊಡಿ ಎಂದರು. ಮುಂದೆ ಹನ್ನೆರಡು ವರ್ಷದಲ್ಲಿ ಚಟ ಎಷ್ಟು ಹಬ್ಬಿತೆಂದರೆ 1617ರಲ್ಲಿ ಜಹಾಂಗೀರ್ ತಂಬಾಕು ಸೇದಕೂಡದೆಂದು ಫರ್ಮಾನು ಹೊರಡಿಸಬೇಕಾಯಿತು. ಅದನ್ನು ಯಾರು ಕೇಳಿದರು ಎಂಬುದಕ್ಕೆ ಇವತ್ತಿನ ಪಾನ್ ಡಬ್ಬಿಗಳೇ ಉತ್ತರ. ಶಹಾಪುರ, ಸುರಪುರದ ನೆಲವೂ ಆಗ ಅದೇ ಆದಿಲಶಾಹಿಯ ಸೀಮೆಯಲ್ಲಿತ್ತು. ಮುಂದೆ 1948ರವರೆಗೂ ಇದು ನಿಜಾಮರ ರಾಜ್ಯ. ಹೈದರಾಬಾದಿನ ವಜೀರ್ ಸುಲ್ತಾನ್ ಕಂಪನಿಯ ಚಾರ್‌ಮಿನಾರ್ ಸಿಗರೇಟು ರಾಜಧಾನಿಯ ಹೆಗ್ಗುರುತನ್ನೇ ಪಾಕೀಟಿನ ಮೇಲೆ ಹೊತ್ತು ಮಾರಾಟವಾದ ರಾಜ್ಯ.

ಇಷ್ಟು ಹಳೆಯ ಚಟ ಬಸ್ಸಿನ ಮೆಟ್ಟಿಲ ಬಳಿ ಮಾತ್ರ ಯಾಕೆ ಸೋಲುತ್ತದೆ?

ಮೊದಲ ಕಾರಣ, ಬಸ್ಸಿಗೆ ಒಬ್ಬ ಯಜಮಾನ ಇದ್ದಾನೆ. ಕಂಡಕ್ಟರ್ ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ, ಮನಸ್ಸು ಮಾಡಿದರೆ ನಡುದಾರಿಯಲ್ಲಿ ಇಳಿಸುತ್ತಾನೆ. ಎರಡನೆಯದು, ಹೊಗೆ ಬಿಟ್ಟವನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಹಿಂದಿನ ಸೀಟಿನ ಹೆಣ್ಣುಮಗಳು ‘ಯಣ್ಣಾ, ಕೂಸಿಗಿ ಕೆಮ್ಮು ಬರ್ತದ, ಆರಸ್ರಿ ಜರಾ’ ಎಂದರೆ ಇಡೀ ಬಸ್ಸು ಅವಳ ಕಡೆ. ರೈಲಿನಲ್ಲಿ ಇದಕ್ಕೆ ಕಾನೂನಿನ ಮುದ್ರೆಯೂ ಇದೆ. 1989ರ ರೈಲ್ವೆ ಕಾಯ್ದೆಯ 167ನೇ ಕಲಮಿನ ಪ್ರಕಾರ, ಡಬ್ಬಿಯಲ್ಲಿರುವ ಇನ್ನೊಬ್ಬ ಪ್ರಯಾಣಿಕ ಬೇಡವೆಂದರೆ ಸೇದುವಂತಿಲ್ಲ, ಸೇದಿದರೆ 100 ರೂಪಾಯಿವರೆಗೆ ದಂಡ. ಮುಂಬೈ–ಚೆನ್ನೈ ಮಾರ್ಗದಲ್ಲಿ ಯಾದಗಿರಿಗೆ ಹತ್ತುವ ಸಾಮಾನ್ಯ ಪ್ರಯಾಣಿಕನ ಕೈಗೆ ಅದು ಬೇಡವೆನ್ನುವ ಅಧಿಕಾರ ಕೊಟ್ಟಿದೆ. ಟಿಕೆಟಿನ ಹಿಂಬದಿಯಲ್ಲಿ ಈ ಮಾತನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ್ದರೆ ಎಷ್ಟು ಚೆನ್ನಾಗಿತ್ತು.

ಶಹಾಪುರ, ಸುರಪುರಗಳಿಗೆ ರೈಲಿಲ್ಲ. ಅಲ್ಲಿಯ ಬದುಕೆಲ್ಲ ಬಸ್ಸು, ಟಂಟಂ, ಬೀದರ್–ಶ್ರೀರಂಗಪಟ್ಟಣ ಹೆದ್ದಾರಿ. ಹೀಗಾಗಿ ಬಸ್ ನಿಲ್ದಾಣವೆಂದರೆ ಸಂತೆ, ಕೋರ್ಟು, ದವಾಖಾನೆ, ಗುಳೆ ಎಲ್ಲಕ್ಕೂ ಹೆಬ್ಬಾಗಿಲು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ನಿಲ್ದಾಣಗಳ ಚಹರೆಯೇ ಬದಲಾಗಿದೆ. ಬೆಂಚುಗಳ ಮೇಲೆ ಈಗ ಹೆಣ್ಣುಮಕ್ಕಳೇ ಹೆಚ್ಚು, ಅವರ ತೊಡೆಯ ಮೇಲೆ ಕೂಸುಗಳು. ಈ ಭಾಗದಲ್ಲಿ ಬೀಡಿ, ಸಿಗರೇಟು ಸೇದುವವರು ಬಹುಪಾಲು ಗಂಡಸರು. ನಿಲ್ದಾಣದ ಹೊಗೆ ಈಗ ಮೊದಲಿಗಿಂತ ಹೆಚ್ಚು ಸೇದದವರ ಎದೆಗೆ ಹೋಗುತ್ತಿದೆ.

‘ಬಯಲಾಗ ಸೇದಿದ್ರ ಏನಾಗ್ತದ್ರಿ’ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಕೋಟ್ಪಾ ಕಾಯ್ದೆಯ ವ್ಯಾಖ್ಯೆಯೇ ಬಯಲನ್ನು ಹೊರಗಿಟ್ಟಿದೆ. ಹೊಲದ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ ರೈತನ ತಂಟೆಗೆ ಅದು ಹೋಗುವುದಿಲ್ಲ, ಹೋಗಲೂಬಾರದು. ಆದರೆ ನಿಯಮಗಳು ಬಯಲು ಎಂಬುದಕ್ಕೂ ಒಂದು ಬೇಲಿ ಹಾಕಿವೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ, ತೆರೆದ ರಂಗಮಂದಿರದಂತೆ ಜನ ನೆರೆಯುವ ಜಾಗಗಳು ಬಯಲಲ್ಲ. ಮೇಲೆ ಆಕಾಶ ಕಂಡರೂ ಅವು ಸಾರ್ವಜನಿಕ ಸ್ಥಳಗಳೇ.

ಹೊಟೇಲಿನ ವಿಷಯದಲ್ಲಿ ಕಾನೂನು ಬೇರೊಂದು ಲೋಕಕ್ಕೆ ಬರೆದಂತಿದೆ. 30 ಅಥವಾ ಹೆಚ್ಚು ಕೋಣೆಗಳ ವಸತಿಗೃಹ, 30 ಅಥವಾ ಹೆಚ್ಚು ಆಸನಗಳ ಉಪಾಹಾರಗೃಹ ಮತ್ತು ವಿಮಾನ ನಿಲ್ದಾಣ ಬೇಕಾದರೆ ಸೇದುವವರಿಗೆ ಪ್ರತ್ಯೇಕ ಜಾಗ ಮಾಡಿಕೊಡಬಹುದು. ಸುರಪುರದ ಗಲ್ಲಿಯ ಹೊಟೇಲಿನಲ್ಲಿ ಇರುವುದು ನಾಲ್ಕು ಬೆಂಚು, ಒಂದು ಒಲೆ, ಬಾಣಲೆಯಲ್ಲಿ ಮಿರ್ಚಿ, ಬುಟ್ಟಿಯಲ್ಲಿ ಸುಸಲಾ. ಅದಕ್ಕೆ ಪ್ರತ್ಯೇಕ ಜಾಗದ ಮಾತೇ ಇಲ್ಲ, ಅಂದರೆ ಪೂರ್ತಿ ಹೊಗೆಮುಕ್ತವಾಗಿರಬೇಕು. ಇಂಥ ಜಾಗದಲ್ಲಿ ಬೂದಿಬಟ್ಟಲು, ಬೆಂಕಿಪೊಟ್ಟಣ, ಲೈಟರ್ ಯಾವುದನ್ನೂ ಗಿರಾಕಿಗೆ ಒದಗಿಸಬಾರದು ಎಂದು 2008ರ ನಿಯಮ ಹೇಳುತ್ತದೆ. ಹೊಟೇಲಿಗೆ ಒತ್ತಿಕೊಂಡೇ ಇರುವ ಪಾನ್ ಡಬ್ಬಿಯಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟ ಲೈಟರ್ ತೂಗಾಡುತ್ತಿರುತ್ತದೆ. ಗಿರಾಕಿ ಚಹಾದ ಗ್ಲಾಸು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಲೈಟರ್ ಎಳೆದು ಹಚ್ಚಿ, ತಿರುಗಿ ಬೆಂಚಿಗೇ ಬಂದು ಕೂರುತ್ತಾನೆ. ಚಹಾ ಇಲ್ಲಿಯದು, ಬೆಂಕಿ ಅಲ್ಲಿಯದು, ಹೊಗೆ ಇಬ್ಬರದೂ.

ಆ ಹೊಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುವವನು ಗಿರಾಕಿಯಲ್ಲ, ಚಹಾ ಕೊಡುವ ಆಳು. ಗಿರಾಕಿಗೆ ಹತ್ತು ನಿಮಿಷದ ಹೊಗೆ, ಅವನಿಗೆ ಬೆಳಗಿನಿಂದ ರಾತ್ರಿಯವರೆಗೆ. ಐರ್ಲೆಂಡ್ 2004ರ ಮಾರ್ಚ್ 29ರಿಂದ ತನ್ನ ಹೆಂಡದಂಗಡಿಗಳೂ ಸೇರಿದಂತೆ ಎಲ್ಲ ಕೆಲಸದ ಜಾಗಗಳಲ್ಲಿ ಹೊಗೆ ನಿಲ್ಲಿಸಿತು. ದೇಶಕ್ಕೆ ದೇಶವೇ ಹೀಗೆ ಮಾಡಿದ್ದು ಜಗತ್ತಿನಲ್ಲಿ ಅದೇ ಮೊದಲು. ಆಗ ಮುಂದಿಟ್ಟ ವಾದ ಕುಡಿಯಲು ಬಂದವರ ಆರೋಗ್ಯದ್ದಾಗಿರಲಿಲ್ಲ, ಅಲ್ಲಿ ದುಡಿಯುವವರ ಆರೋಗ್ಯದ್ದು. ನಮ್ಮಲ್ಲಿ ಈ ಕಡೆಯಿಂದ ಯೋಚಿಸುವವರು ಕಡಿಮೆ. ನಮ್ಮ ನಿಯಮಗಳಲ್ಲೂ ಕೆಲಸದ ಸ್ಥಳವೆಂಬುದು ಸಾರ್ವಜನಿಕ ಸ್ಥಳವೇ.

ಬೇರೆಯವರ ಹೊಗೆ ಕೊಲ್ಲುತ್ತದೆ ಎಂಬುದು ಮೊದಲು ಲೆಕ್ಕದಲ್ಲಿ ಕಂಡದ್ದು ಜಪಾನಿನಲ್ಲಿ. ತಕೇಶಿ ಹಿರಯಾಮಾ ಎಂಬ ವೈದ್ಯ ಸಂಶೋಧಕ ತಾವು ಸೇದದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಸಿಗರೇಟು ಕಂಪನಿಗಳು ಆ ಅಧ್ಯಯನದ ಮೇಲೆ ಮುಗಿಬಿದ್ದವು. ಆದರೆ ಅಲ್ಲಿಂದಾಚೆ ಬಂದ ನೂರಾರು ಅಧ್ಯಯನಗಳು ಹಿರಯಾಮಾ ಹೇಳಿದ್ದನ್ನೇ ಹೇಳಿದವು. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ತಾವು ಸೇದದೆ ಇನ್ನೊಬ್ಬರ ಹೊಗೆಯಿಂದ ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಬೀಡಿ ಸಣ್ಣದು, ಹಾಗಾಗಿ ಹಾನಿಯೂ ಸಣ್ಣದು ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ನಿಜ ತಿರುವುಮುರುವು. ತೂಪ್ರದ ಎಲೆಯಲ್ಲಿ ಸುತ್ತಿದ ಬೀಡಿ ಸಿಗರೇಟಿನ ಹಾಗೆ ತಾನಾಗಿ ಉರಿಯುವುದಿಲ್ಲ. ಮೇಲಿಂದ ಮೇಲೆ, ಗಟ್ಟಿಯಾಗಿ ಎಳೆಯುತ್ತಲೇ ಇರಬೇಕು. ತಂಬಾಕು ಕಡಿಮೆ ಇದ್ದರೂ ಎದೆಗೆ ಇಳಿಯುವ ಟಾರು, ನಿಕೋಟಿನ್, ಇಂಗಾಲದ ಮಾನಾಕ್ಸೈಡ್ ಕಡಿಮೆಯಾಗುವುದಿಲ್ಲ. ಹೆಚ್ಚಾಗುವುದೂ ಉಂಟು.

ಚಿಕ್ಕ ಊರಿನಲ್ಲಿ ನಿಷೇಧದಿಂದ ಏನಾದೀತು ಎಂಬುದಕ್ಕೆ ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಪಟ್ಟಣದ ಕಥೆ ಇದೆ. ಸುತ್ತಲಿನ ಹಳ್ಳಿಗಳನ್ನು ಸೇರಿಸಿದರೂ ಯಾದಗಿರಿ ಪಟ್ಟಣಕ್ಕಿಂತ ದೊಡ್ಡದಲ್ಲದ ಸೀಮೆ, ಹೃದಯಾಘಾತಕ್ಕೆ ಎಲ್ಲರೂ ಓಡುವುದು ಒಂದೇ ಆಸ್ಪತ್ರೆಗೆ. 2002ರ ಜೂನ್‌ನಲ್ಲಿ ಅಲ್ಲಿ ನಿಷೇಧ ಬಂತು, ಆರು ತಿಂಗಳಿಗೆ ಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು. ಬೇರೆ ವರ್ಷಗಳಲ್ಲಿ ಅದೇ ಆರು ತಿಂಗಳಲ್ಲಿ ಸರಾಸರಿ 40 ಜನ ಹೃದಯಾಘಾತದಿಂದ ದಾಖಲಾಗುತ್ತಿದ್ದರೆ, ನಿಷೇಧವಿದ್ದ ಆರು ತಿಂಗಳಲ್ಲಿ ಬಂದವರು 24. ನಿಷೇಧ ಹೋದ ಮೇಲೆ ಸಂಖ್ಯೆ ಮತ್ತೆ ಏರಿತು. ಇಷ್ಟು ಚಿಕ್ಕ ಸಂಖ್ಯೆಯನ್ನು ಹಿಡಿದು ಹಿಗ್ಗಬಾರದು. ದೊಡ್ಡ ಊರುಗಳ ಅಧ್ಯಯನಗಳಲ್ಲಿ ಇಳಿಕೆ ಇದಕ್ಕಿಂತ ಕಡಿಮೆ. ಆದರೆ ದಿಕ್ಕು ಅದೇ.

ಇಷ್ಟಾದ ಮೇಲೂ ನಿಷೇಧದ ವಿರುದ್ಧ ಒಂದು ಮಾತಿಗೆ ತೂಕವಿದೆ. ಅದು ಸ್ವಾತಂತ್ರ್ಯದ ಮಾತಲ್ಲ, ಬಡತನದ ಮಾತು. ಯಾದಗಿರಿಯಲ್ಲಿ ಹೊರಗೆ ಕಾಣುವ ಹೊಗೆ ಹೆಚ್ಚಾಗಿ ಕೂಲಿಯವನ ಹೊಗೆ. ಸ್ವಂತ ಮನೆ, ಮಾಳಿಗೆ, ಕಾರು ಇದ್ದವನು ಸೇದುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಟವನ ಬೀಡಿ ನಿಲ್ದಾಣದಲ್ಲೇ ಉರಿಯಬೇಕು. ಕೋಟ್ಪಾಗೆ ರಾಜ್ಯ ತಂದ ತಿದ್ದುಪಡಿ ಕಾಯ್ದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಯವರ ಅಂಕಿತ ಬಿತ್ತು. 200 ರೂಪಾಯಿ ಇದ್ದ ದಂಡ 1,000ಕ್ಕೆ ಏರಿತು, ತಂಬಾಕು ಕೊಳ್ಳುವ ವಯಸ್ಸು 18ರಿಂದ 21 ಆಯಿತು, ಹುಕ್ಕಾ ಬಾರುಗಳಿಗೆ ಬೀಗ ಬಿತ್ತು. ಹುಕ್ಕಾ ಬಾರು ಬೆಂಗಳೂರಿನ ತಲೆನೋವು, ಸುರಪುರದ್ದಲ್ಲ. ಇಲ್ಲಿ ತಟ್ಟುವುದು ಸಾವಿರ ರೂಪಾಯಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ಒಂದು ಬೀಡಿಗೆ ಹತ್ತಿರ ಹತ್ತಿರ ಮೂರು ದಿನದ ಕೂಲಿ. ಇಷ್ಟು ದೊಡ್ಡ ದಂಡವನ್ನು ಕಂಡ ಕಂಡವರಿಗೆ ಹಾಕಲು ಯಾವ ಅಧಿಕಾರಿಗೂ ಮನಸ್ಸು ಬರುವುದಿಲ್ಲ, ಬಂದರೆ ಅದು ಮಾಳಿಗೆಯವನ ತನಕ ಹೋಗುವುದಿಲ್ಲ. ಅದೇ ಹೊತ್ತಿಗೆ, 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಒಂದು ಸರ್ಕಾರ ಸೇದಿದರೆ ದಂಡ ಎನ್ನುತ್ತಿರುವಾಗ ಇನ್ನೊಂದು ಕಡೆಯಿಂದ ಬೀಡಿಗೆ ರಿಯಾಯಿತಿ.

ದಂಡ ಹೆಚ್ಚಿಸುವುದು ಸುಲಭ, ಖರ್ಚಿಲ್ಲದ ಕೆಲಸ. ಮೇ 31ರ ತಂಬಾಕು ರಹಿತ ದಿನದ ಆಸುಪಾಸಿನಲ್ಲಿ ಆರೋಗ್ಯ ಇಲಾಖೆಯ ತಂಡ ಪೊಲೀಸರೊಂದಿಗೆ ಪೇಟೆಗೆ ಬರುತ್ತದೆ, ಡಬ್ಬಿ ಅಂಗಡಿಗಳಿಗೆ ರಸೀದಿ ಹರಿಯುತ್ತದೆ, ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ರಾಜ್ಯದ ಹಲವು ಜಿಲ್ಲೆಗಳಲ್ಲಿ ‘ಗುಲಾಬಿ ಆಂದೋಲನ’ ಎಂದು ಶಾಲಾ ಮಕ್ಕಳ ಕೈಯಿಂದ ಅಂಗಡಿಯವರಿಗೂ ದಾರಿಹೋಕರಿಗೂ ಹೂವು ಕೊಡಿಸಿದ್ದೂ ಉಂಟು. ಮರುದಿನ ತೂಗಾಡುವ ಲೈಟರ್ ತನ್ನ ಜಾಗದಲ್ಲೇ ಇರುತ್ತದೆ.

ಹಾಗೆಂದು ಅಂಗಡಿಯವರ ಮೇಲಿನ ಎಲ್ಲ ನಿಯಮವೂ ವ್ಯರ್ಥವಲ್ಲ. ಬಿಡಿ ಸಿಗರೇಟಿನ ಮಾರಾಟ ತಡೆಯುವುದು ಅವುಗಳಲ್ಲಿ ಮುಖ್ಯವಾದದ್ದು. ಪಾಕೀಟಿನ ಎರಡೂ ಬದಿಯ ಶೇ 85 ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇರಬೇಕೆಂಬ ನಿಯಮ 2016ರ ಏಪ್ರಿಲಿನಿಂದ ಇದೆ. 2017ರ ಡಿಸೆಂಬರಿನಲ್ಲಿ ನಮ್ಮದೇ ಹೈಕೋರ್ಟ್ ಅದನ್ನು ತಳ್ಳಿಹಾಕಿತ್ತು, ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟು ಚಿತ್ರವನ್ನು ಉಳಿಸಿತು. ಇಷ್ಟೆಲ್ಲ ಹೋರಾಡಿ ಉಳಿಸಿದ ಚಿತ್ರ, ಒಂದೇ ಸಿಗರೇಟು ಕೊಳ್ಳುವ ಹುಡುಗನ ಕೈಗೆ ಬರುವುದೇ ಇಲ್ಲ. ಬಿಡಲು ಬಯಸುವವರು ಉಚಿತವಾಗಿ ಕರೆ ಮಾಡಬಹುದಾದ 1800-11-2356 ಎಂಬ ಸಂಖ್ಯೆಯೂ ಪಾಕೀಟಿನ ಮೇಲೆಯೇ ಉಳಿಯುತ್ತದೆ. ಬಿಡಿ ಮಾರಾಟವನ್ನು ರಾಜ್ಯ 2017ರಲ್ಲೇ ನಿಷೇಧಿಸಿತ್ತು. ಅದು ಯಾವ ಊರಿನಲ್ಲಿ ನಿಂತಿದೆ ಎಂದು ಕೇಳಿದರೆ ಡಬ್ಬಿಯವನೇ ನಗುತ್ತಾನೆ.

ಹೊಗೆಯ ಬಗ್ಗೆ ಇಷ್ಟು ಮಾತಾಡಿ ಗುಟ್ಕಾದ ಬಗ್ಗೆ ಸುಮ್ಮನಿದ್ದರೆ ಯಾದಗಿರಿಯ ಅರ್ಧ ಕಥೆ ಬಿಟ್ಟಂತಾಗುತ್ತದೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಜಗಿಯುವವರೂ ಸೇರಿ ಹೊಗೆಯಿಲ್ಲದ ತಂಬಾಕಿನವರು ಶೇ 16.3. ಗುಟ್ಕಾ ಮಾರಾಟವನ್ನು ರಾಜ್ಯ 2013ರ ಮೇ ಕೊನೆಗೆ ನಿಷೇಧಿಸಿತು. ಕಂಪನಿಗಳು ಪಾನ್ ಮಸಾಲೆ ಒಂದು ಚೀಟಿ, ಜರ್ದಾ ಇನ್ನೊಂದು ಚೀಟಿ ಮಾಡಿ ಒಟ್ಟಿಗೇ ಮಾರಿದವು. ಗಿರಾಕಿ ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡ. ಬೀಡಿಯನ್ನು ಸೋಲಿಸಿದ ಬಸ್ಸು ಇಲ್ಲಿ ಸೋಲುತ್ತದೆ. ಜಗಿಯುವವನಿಂದ ಪಕ್ಕದವನಿಗೆ ಕೆಮ್ಮು ಬರುವುದಿಲ್ಲ, ಹಾಗಾಗಿ ಯಾರೂ ತಕರಾರು ಮಾಡುವುದಿಲ್ಲ, ಕಿಟಕಿಯಿಂದ ಹಾರಿದ ಉಗುಳು ಹಿಂದಿನ ಕಿಟಕಿಯ ಮುಖಕ್ಕೆ ಬೀಳುವವರೆಗೆ. 2025ರ ತಿದ್ದುಪಡಿ ಸಾರ್ವಜನಿಕ ಸ್ಥಳದಲ್ಲಿ ಉಗುಳುವುದನ್ನೂ ಸಾವಿರ ರೂಪಾಯಿಯ ದಂಡದ ಕೆಳಗೆ ತಂದಿದೆ. ಸರ್ಕಾರಿ ಕಚೇರಿಗಳ ಮೆಟ್ಟಿಲಿನ ಮೂಲೆಗಳನ್ನು ನೋಡಿದರೆ ಮೊದಲ ರಸೀದಿ ಎಲ್ಲಿಂದ ಶುರುವಾಗಬೇಕು ಎಂಬುದು ತಿಳಿಯುತ್ತದೆ.

ಬಸ್ಸಿನ ಒಳಗೆ ನಡೆದದ್ದನ್ನು ನಿಲ್ದಾಣದಲ್ಲಿ ನಡೆಸುವ ದಾರಿ 2008ರ ನಿಯಮಗಳಲ್ಲೇ ಇದೆ, ಯಾರೂ ಹೊಸದಾಗಿ ಹುಡುಕಬೇಕಿಲ್ಲ. ಪ್ರತಿ ಸಾರ್ವಜನಿಕ ಸ್ಥಳದ ಬಾಗಿಲಲ್ಲಿ ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಬಿಳಿ ಬೋರ್ಡು ಇರಬೇಕು. ಅದರಲ್ಲಿ ಕೆಂಪು ವೃತ್ತ, ವೃತ್ತದೊಳಗೆ ಅಡ್ಡಗೆರೆ ಎಳೆದ ಸಿಗರೇಟು ಅಥವಾ ಬೀಡಿಯ ಚಿತ್ರ. 2011ರ ಜನಗಣತಿಯಲ್ಲಿ ಶೇ 51.83 ಸಾಕ್ಷರತೆಯೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿದ್ದ ಜಿಲ್ಲೆಗೆ ಅಕ್ಷರಕ್ಕಿಂತ ಈ ಚಿತ್ರವೇ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಸಿಗರೇಟಿನ ಬದಲು ಬೀಡಿಯನ್ನೇ ಬರೆಸಿದರೆ ಇನ್ನೂ ಒಳ್ಳೆಯದು. ಸಿಗರೇಟಿನ ಚಿತ್ರ ಕಂಡ ಬೀಡಿಯವನು ಅದು ತನಗಲ್ಲ ಎಂದುಕೊಳ್ಳಲು ಅಡ್ಡಿಯಿಲ್ಲ.

ಚಿತ್ರದ ಜೊತೆಗೆ ಇನ್ನೊಂದು ಬೇಕು: ದೂರು ಯಾರಿಗೆ ಕೊಡಬೇಕು ಎಂಬ ಹೆಸರು. ಬಹಳಷ್ಟು ಬೋರ್ಡುಗಳಲ್ಲಿ ಇಲ್ಲದಿರುವುದು ಇದೇ. ದಂಡ ಹಾಕುವ ಅಧಿಕಾರ ಪೊಲೀಸರಿಗೆ ಮಾತ್ರ ಎಂದು ಜನ ತಿಳಿದಿದ್ದಾರೆ. ಆದರೆ ರೈಲು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರ್, ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್, ಕಾಲೇಜಿನಲ್ಲಿ ಪ್ರಾಂಶುಪಾಲರು, ಗ್ರಂಥಾಲಯದಲ್ಲಿ ಗ್ರಂಥಪಾಲಕರು, ಆಸ್ಪತ್ರೆಯಲ್ಲಿ ವೈದ್ಯಕೀಯ ಅಧೀಕ್ಷಕರು ತಮ್ಮ ತಮ್ಮ ಜಾಗದಲ್ಲಿ ದಂಡ ಹಾಕಬಹುದು. ದೂರು ಬಂದ ಮೇಲೂ ಆ ಜಾಗದ ಮಾಲೀಕನೋ ಮೇಲ್ವಿಚಾರಕನೋ ಸುಮ್ಮನಿದ್ದರೆ, ಅಲ್ಲಿ ಎಷ್ಟು ಮಂದಿ ಸೇದಿದರೋ ಅಷ್ಟೂ ತಪ್ಪಿನ ದಂಡ ಅವನ ತಲೆಗೆ. ಸಾವಿರ ರೂಪಾಯಿ ಕೂಲಿಯವನಿಂದ ಕೇಳುವುದಕ್ಕಿಂತ ಈ ಕಲಮನ್ನು ಒಂದು ಸಲ ಪ್ರಯೋಗಿಸಿದರೆ ಹೆಚ್ಚು ಕೆಲಸವಾದೀತು. ಸುರಪುರದ ಹೊಟೇಲಿನವನು ಅವತ್ತೇ ಪಾನ್ ಡಬ್ಬಿಯವನಿಗೆ ಲೈಟರ್ ಬಿಚ್ಚಲು ಹೇಳುತ್ತಾನೆ. ಶಹಾಪುರದ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಧ್ವನಿವರ್ಧಕ ಹೇಗೂ ದಿನವಿಡೀ ಬಾಯಿ ತೆರೆದೇ ಇರುತ್ತದೆ. ಸುರಪುರದ ಬಸ್ಸು ಬಂತು ಎಂದು ಹೇಳುವಾಗ ‘ಬೀಡಿ ಸೇದುವವರು ಗೇಟಿನ ಹೊರಗೆ ಹೋಗಿ’ ಎಂದೂ ಸೇರಿಸಲು ಅದಕ್ಕೆ ಪೈಸೆ ಖರ್ಚಿಲ್ಲ.